ಒತ್ತಕ್ಷರ ತಿಂದ ಹುಳ

ಸಮಾಧಿ ಕಲ್ಲಿನ ಮೇಲೆ ಅಕ್ಷರ ಕೆತ್ತುವವನಿಗೆ ಊರಿನಲ್ಲಿ ಶತ್ರುಗಳು ಇರುವುದಿಲ್ಲ. ಇದ್ದವರೂ ಒಂದಲ್ಲ ಒಂದು ದಿನ ಅವನ ಉಳಿಯ ಕೆಳಗೆ ಬಂದೇ ಬರುತ್ತಾರೆ. ಆಗ ಹೆಸರನ್ನು ನೆಟ್ಟಗೆ ಕೆತ್ತುವುದೋ ಸೊಟ್ಟಗೆ ಕೆತ್ತುವುದೋ ಅವನಿಗೆ ಬಿಟ್ಟದ್ದು. ಹೀಗಂತ ಒತ್ತಣ್ಣನೇ ಎದೆ ಉಬ್ಬಿಸಿಕೊಂಡು ಹೇಳುತ್ತಿದ್ದ. ಹೇಳಿ ಮುಗಿಸಿ ಕೆಮ್ಮುತ್ತಿದ್ದ. ನಲವತ್ತು ವರ್ಷ ಕಲ್ಲಿನ ಪುಡಿ ಕುಡಿದ ಎದೆ, ಅದಕ್ಕಿಂತ ಹೆಚ್ಚು ಉಬ್ಬುತ್ತಿರಲಿಲ್ಲ.

ಒತ್ತಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವನು ಸ್ವಂತವಾಗಿ ಮಾಡಿದ ಮೊದಲ ಕಲ್ಲಿನ ಮೇಲೆ 'ನಮ್ಮ ಪ್ರೀತಿಯ ಅಣ್ಣ' ಎಂದು ಬರಬೇಕಿತ್ತು. ಬಂದದ್ದು 'ನಮ ಪ್ರೀತಿಯ ಅಣ'. ಸತ್ತವನಿಗೆ ಐದು ಜನ ತಮ್ಮಂದಿರು, ಒಬ್ಬೊಬ್ಬನೂ ಬಾಗಿಲಿನಷ್ಟು ಅಗಲ. ಅವರು ಇವನನ್ನು ಸ್ಮಶಾನದ ಸುತ್ತ ಮೂರು ಸುತ್ತು ಅಟ್ಟಿಸಿಕೊಂಡು ಹೋದರು. ಎರಡನೇ ಸುತ್ತಿನಲ್ಲಿ ಎದುರಿಗೆ ಬರುತ್ತಿದ್ದ ಇನ್ನೊಂದು ಶವಯಾತ್ರೆಯವರು, ಇದೂ ಏನೋ ಅವಸರದ ಸಾವು ಇರಬೇಕು ಎಂದುಕೊಂಡು, ಹೆಣ ಹೊತ್ತುಕೊಂಡೇ ಇವರ ಹಿಂದೆ ಓಡಿದರಂತೆ. ಅಷ್ಟು ಓಡಿದ ಮೇಲೂ ಅವರ ಹೆಣ ಎದ್ದು ಕೂರಲಿಲ್ಲ ಎಂಬುದಷ್ಟೇ ಆ ದಿನದ ಸಮಾಧಾನ. ಆಮೇಲೆ ಬಿಟ್ಟುಹೋದ ಎರಡು ಒತ್ತನ್ನೂ ಕೆಳಗಿನ ಸಂದಿಯಲ್ಲಿ ತುರುಕಿ ಕೆತ್ತಿದ್ದಾಯಿತು. ಊರವರು ಮಾತ್ರ ಬಿಡಲಿಲ್ಲ. ಅವನು ನುಂಗಿದ ಎರಡು ಒತ್ತನ್ನೂ ಅವನ ಹೆಸರಿಗೇ ಅಂಟಿಸಿ ಒತ್ತಣ್ಣ ಎಂದು ಕರೆದರು. ಬೇಕಾದರೆ ಎಣಿಸಿ ನೋಡಿ, ಎರಡಿವೆ.

ಮಾನ ಉಳಿಸಿದವಳು ಹೆಂಡತಿ. ಅಂಗಡಿ ಬೋರ್ಡು ಬರೆಯುವವನ ಮಗಳು ಅವಳು, ಮುತ್ತು ಪೋಣಿಸಿದಂಥ ಕೈಬರಹ. ಕೆನ್ನೆಯ ಮೇಲೆ ಕಡಲೆಕಾಳಿನಷ್ಟು ಕಪ್ಪು ಚುಕ್ಕೆ ಇತ್ತೆಂದು ತವರಿನಲ್ಲಿ ಚಿಕ್ಕಿ ಎನ್ನುತ್ತಿದ್ದರು, ಇಲ್ಲಿಗೆ ಬಂದಮೇಲೂ ಅದೇ ನಿಂತಿತು. ಮದುವೆಯಾಗಿ ಒಂದು ವಾರಕ್ಕೆ ಅವಳು ಗಂಡನ ಶೆಡ್ಡಿಗೆ ಬಂದು, ಅರ್ಧ ಕೆತ್ತಿದ ಕಲ್ಲೊಂದನ್ನು ನೋಡಿ, ತಲೆ ಮೇಲೆ ಕೈಯಿಟ್ಟುಕೊಂಡಳು. "ನಾನು ಬರೀತೀನಿ, ನೀವು ಹಿಂದೆ ಕುಟ್ಕೊಂಡು ಬನ್ನಿ" ಎಂದಳು. ಸ್ಮಶಾನದ ಗೇಟಿನ ಪಕ್ಕದಲ್ಲಿ ತಗಡಿನ ಶೆಡ್ಡು. ಅದರೊಳಗೆ ಅವಳು ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೆ ಅಕ್ಷರ ಬರೆಯುವುದು, ಇವನು ಅದರ ಮೇಲೆ ಉಳಿ ಇಟ್ಟು ಹೊಡೆಯುವುದು. ಇಪ್ಪತ್ತಮೂರು ವರ್ಷ ಹೀಗೆ ನಡೆಯಿತು. ಅಷ್ಟು ವರ್ಷದಲ್ಲಿ ಒಂದು ಒತ್ತೂ ಕಾಣೆಯಾಗಲಿಲ್ಲ.

ಒಂದು ಚಳಿಗಾಲ ಅವಳಿಗೆ ಎದೆಯಲ್ಲಿ ಕಫ ಕಟ್ಟಿತು. ನಾಲ್ಕು ದಿನದಲ್ಲಿ ಮುಗಿಯಿತು.

ಅವಳ ಕಲ್ಲಿಗೆ ಅಕ್ಷರ ಬರೆದುಕೊಡುವವರು ಯಾರೂ ಇರಲಿಲ್ಲ. ಒತ್ತಣ್ಣ ತಾನೇ ಸೀಮೆಸುಣ್ಣ ಹಿಡಿದ. ಬರೆದ, ಒರೆಸಿದ, ಮತ್ತೆ ಬರೆದ. ಆಸ್ಪತ್ರೆಯ ಕಾಗದದಲ್ಲಿದ್ದ ಉದ್ದದ ಹೆಸರು ಅವಳದು ಎಂದು ಅನ್ನಿಸಲೇ ಇಲ್ಲ. ಕೊನೆಗೆ ಎರಡೇ ಅಕ್ಷರ ಬರೆದ, ಚಿಕ್ಕಿ. ಎರಡನೆಯ ಅಕ್ಷರದ ಕೆಳಗೆ ಒತ್ತು ಇದೆಯೇ ಎಂದು ಬೆರಳಿಟ್ಟು ನೋಡಿಕೊಂಡ. ಇತ್ತು.

ತಪ್ಪು ಬೇರೆ ಕಡೆ ಆಗಿತ್ತು. ಊರವರಿಗೆಲ್ಲ ಕರಿಕಲ್ಲನ್ನೇ ಹಾಕುತ್ತಿದ್ದವನು ಇದಕ್ಕೆ ಮರಳುಗಲ್ಲು ಆರಿಸಿದ. ಕರಿಕಲ್ಲು ನಡುಗುವ ಕೈಯನ್ನು ಒಪ್ಪುವುದಿಲ್ಲ, ಉಳಿಯನ್ನು ತಿರುಗಿ ಮುಖಕ್ಕೇ ಎಸೆಯುತ್ತದೆ. ಮರಳುಗಲ್ಲು ಹಾಗಲ್ಲ, ಹೇಳಿದಂತೆ ಕೇಳುತ್ತದೆ. ಉಳಿ ಇಟ್ಟರೆ ಸಾಕು, ಪೆನ್ನಿನಲ್ಲಿ ಬರೆದ ಹಾಗೆ ಅಕ್ಷರ ಬರುತ್ತದೆ. ಆ ದಿನ ಬಂತು ಕೂಡ. ಅವನ ಜೀವಮಾನದಲ್ಲೇ ಅಷ್ಟು ಚಂದದ ಅಕ್ಷರ ಬಂದಿರಲಿಲ್ಲ. ಸ್ಮಶಾನದ ಗುಮಾಸ್ತ ಬಂದು, ಕಲ್ಲು ನೋಡಿ, ಅದರಲ್ಲಿ ಏನಿತ್ತೋ ಅದನ್ನೇ ರಿಜಿಸ್ಟರಿಗೆ ಇಳಿಸಿಕೊಂಡು ಹೋದ.

ಹೇಳಿದಂತೆ ಕೇಳುವ ಕಲ್ಲು ಮಳೆ ಹೇಳಿದಂತೆಯೂ ಕೇಳುತ್ತದೆ, ಗಾಳಿ ಹೇಳಿದಂತೆಯೂ ಕೇಳುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಅದರ ಮುಖ ನೆನೆದ ಬಿಸ್ಕತ್ತಿನ ಹಾಗಾಯಿತು. ಊರಿನ ಶಾಲೆಯ ಹಳೇ ಹೆಡ್‌ಮಾಸ್ತರ ಸಮಾಧಿ ಅಲ್ಲೇ ಪಕ್ಕದ ಸಾಲಿನಲ್ಲಿದೆ. ಅವರ ಕರಿಕಲ್ಲು ಇವತ್ತಿಗೂ ಬೆತ್ತ ಹಿಡಿದು ನಿಂತ ಹಾಗಿದೆ, ಅದರ ಮುಂದೆ ಹಾದುಹೋಗುವ ನಾಯಿಗಳು ಸಹ ಬಾಲ ಇಳಿಸಿ ನೆಟ್ಟಗೆ ನಡೆಯುತ್ತವೆ. ಚಿಕ್ಕಿಯ ಕಲ್ಲಿನ ಮೇಲಿನ ಗೆರೆಗಳು ಮಾತ್ರ ಉಗುರು ಹಾಕಿದರೆ ಸಿಗದಷ್ಟು ಸವೆದಿದ್ದವು.

ಆದರೂ ಅದನ್ನು ಓದಬಹುದಿತ್ತು, ಪಾಚಿಯಿಂದಾಗಿ. ಉತ್ತರದ ಗೋಡೆಯ ಮೂಲೆ, ಬಿಸಿಲು ಬೀಳದ ಜಾಗ. ಸವೆದುಹೋದ ಗೆರೆಗಳ ಒಳಗೆ ಅಷ್ಟಿಷ್ಟು ನೀರು ನಿಂತು, ಮಖಮಲ್ಲಿನಂಥ ಪಾಚಿ ಹುಟ್ಟಿ, ಬೂದು ಕಲ್ಲಿನ ಮೇಲೆ ಹಸಿರಿನಲ್ಲಿ ಬರೆದ ಹಾಗೆ ಎರಡು ಅಕ್ಷರ ನಿಂತಿದ್ದವು. ಒತ್ತಣ್ಣ ದಿನಾ ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ಫ್ಲಾಸ್ಕಿನ ಚಹಾ ಹಿಡಿದು ಅಲ್ಲಿ ಹೋಗಿ ಕೂರುತ್ತಿದ್ದ. ಕೊನೆಗೆ ಲೋಟ ತೊಳೆದ ನೀರನ್ನು ಅಕ್ಷರಗಳ ಮೇಲೆ ಚಿಮುಕಿಸಿ ಬರುತ್ತಿದ್ದ. ಅಷ್ಟರಲ್ಲಿ ಅವಳ ಜೊತೆಗಿನ ಮಾತುಕತೆ ಮುಗಿಯುತ್ತಿತ್ತು.

ಅವನಿಗೆ ಅರುವತ್ತೈದು ತುಂಬಿದ ವರ್ಷ ಸ್ಮಶಾನವೂ ತುಂಬಿತು. ಹೊಸ ಉಸ್ತುವಾರಿಯೊಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಕೆಟ್ಟವನೇನಲ್ಲ, ಕಾಗದದ ಮನುಷ್ಯ. ಅವನು ಗೇಟಿಗೆ ಒಂದು ನೋಟೀಸು ಅಂಟಿಸಿದ. ನಲವತ್ತು ದಿನ ಬಿಟ್ಟು ಎಲ್ಲ ಕಲ್ಲುಗಳನ್ನೂ ರಿಜಿಸ್ಟರಿನೊಂದಿಗೆ ತಾಳೆ ನೋಡಲಾಗುವುದು. ಕಲ್ಲಿನ ಬರಹ ರಿಜಿಸ್ಟರಿನ ಬರಹಕ್ಕೆ ಅಕ್ಷರಕ್ಕೆ ಅಕ್ಷರ ಹೊಂದದಿದ್ದರೆ ಆ ಜಾಗ ತೆರವು, ಮೂಳೆಗಳು ಹಿಂದಿನ ದೊಡ್ಡ ಗುಂಡಿಗೆ. ಅಂದಿನಿಂದ ಯಾವ ಕಲ್ಲಿಗೂ ಉಳಿ, ಬಣ್ಣ ಮುಟ್ಟಿಸಬಾರದು, ಹೊಸ ಕಲ್ಲನ್ನು ನೆಡಬಾರದು. ಪ್ರತಿ ಕಲ್ಲಿಗೂ ನಂಬರಿನ ಚೀಟಿ ಬಿತ್ತು.

ಒತ್ತಣ್ಣ ಕಚೇರಿಗೆ ಹೋಗಿ ಕೇಳಿಕೊಂಡ. ಅದು ತನ್ನ ಹೆಂಡತಿಯ ಕಲ್ಲು, ತಾನೇ ಕೆತ್ತಿದ್ದು, ಬೇಕಾದರೆ ಬರೆದುಕೊಡುತ್ತೇನೆ ಎಂದ. ಉಸ್ತುವಾರಿ ಅವನನ್ನು ಕೂರಿಸಿ ಸಮಾಧಾನದಿಂದಲೇ ಹೇಳಿದ. ಹಿಂದೆ ಕೆಲಸ ಮಾಡುತ್ತಿದ್ದ ಊರಿನಲ್ಲಿ ಹೀಗೇ ಒಂದು ಅಕ್ಷರದ ವ್ಯತ್ಯಾಸ ಇರಲಿ ಬಿಡು ಎಂದು ಬಿಟ್ಟಿದ್ದಕ್ಕೆ, ಎರಡು ಮನೆಯವರು ಒಂದೇ ಸಮಾಧಿ ನಮ್ಮದು ನಮ್ಮದು ಎಂದು ಹೊಡೆದಾಡಿ, ಒಬ್ಬನ ಕಣ್ಣು ಹೋಗಿತ್ತು. "ಅದರಲ್ಲೂ ನೀವು ಕೆತ್ತೋರು. ನಿಮ್ಮ ಬಾಯಿಮಾತು ನಂಬಿದ್ರೆ ನಾಳೆ ಇಲ್ಲಿ ಮಲಗಿರೋರೆಲ್ಲ ನಿಮ್ಮ ನೆಂಟರೇ ಆಗ್ತಾರೆ" ಎಂದ.

ಹೇಗೂ ಓದಲು ಬರುತ್ತದಲ್ಲ ಎಂದುಕೊಂಡು ಒತ್ತಣ್ಣ ವಾಪಸು ಬಂದ. ಮಾರನೇ ದಿನ ಚಹಾ ಹಿಡಿದು ಕೂತಾಗ ಕಂಡಿತು. ಒತ್ತಿನ ಬಾಲದ ಹತ್ತಿರ ಹಸಿರು ಹೋಗಿ ಕಂದು ಬಣ್ಣ ಬಂದಿತ್ತು, ಇಲಿ ಕಚ್ಚಿದ ರಗ್ಗಿನ ಹಾಗೆ. ನಾಲ್ಕು ದಿನ ಬಿಟ್ಟರೆ ಇನ್ನೊಂದಿಷ್ಟು.

ಮೊದಲು ಬಸವನಹುಳುವಿನ ಮೇಲೆ ಗುಮಾನಿ ಬಂತು. ಆಮೇಲೆ ಗುಬ್ಬಿಗಳ ಮೇಲೆ. ಆಮೇಲೆ ಗುಂಡಿಯ ಮೇಲೆ.

ಗುಂಡಿ ಎಂದರೆ ಸ್ಮಶಾನದಲ್ಲಿ ಗುಂಡಿ ತೋಡುವವನು. ಅವನ ಅಂಗಿಗೆ ಒಂದು ಗುಂಡಿಯೂ ಇರುತ್ತಿರಲಿಲ್ಲ, ಹಾಗಾಗಿ ಆ ಹೆಸರು ಅವನಿಗೆ ಎರಡು ರೀತಿಯಲ್ಲಿ ಒಪ್ಪುತ್ತಿತ್ತು. ಓದು ಬರಹ ಬಾರದು. ಆದರೆ ಯಾರನ್ನು ಎಲ್ಲಿ ಮಲಗಿಸಿದ್ದೇನೆ ಎಂಬುದು ಒಂದೂ ತಪ್ಪದೆ ತಲೆಯಲ್ಲಿತ್ತು. ದಾರಿಯಲ್ಲಿ ಸಿಕ್ಕಿದ ಜೀವಂತ ಜನರನ್ನೂ ಅವನು ಕಣ್ಣಳತೆಯಲ್ಲೇ ನೋಡಿ, "ನಿಮಗೆ ಆರೂಕಾಲು ಅಡಿ ಬೇಕಾಗುತ್ತೆ ಸ್ವಾಮಿ, ಸ್ವಲ್ಪ ಬಗ್ಗಿ ನಡೀರಿ" ಎಂದು ಹೇಳುವ ಚಾಳಿ. ಅವನನ್ನು ಯಾರೂ ಮದುವೆ ಮನೆಗೆ ಕರೆಯುತ್ತಿರಲಿಲ್ಲ. ಸನಿಕೆ ತಗುಲಿಸಿದೆಯಾ ಎಂದು ಒತ್ತಣ್ಣ ಕೇಳಿದ್ದಕ್ಕೆ ಗುಂಡಿ ಮುಖ ಸಿಂಡರಿಸಿಕೊಂಡು, ಚಿಕ್ಕಿಯ ಕಲ್ಲಿಗೆ ತಾಗಿಸುವಷ್ಟು ತನಗೆ ಕಣ್ಣು ಮಂಜಾಗಿಲ್ಲ ಎಂದ. ಹಾಗೆಂದವನೇ ಎರಡು ದಿನ ಮಾತಾಡಲಿಲ್ಲ.

ಕಳ್ಳನನ್ನು ಹಿಡಿದವಳು ಮಗಳು. ಅವಳದು ಪೇಟೆಯಲ್ಲಿ ಗಡಿಯಾರ ರಿಪೇರಿ ಅಂಗಡಿ. ಒಂದು ಭಾನುವಾರ ಮಧ್ಯಾಹ್ನ ಅಪ್ಪನ ಗೋಳು ತಾಳಲಾರದೆ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ತಂದು, ತಾಯಿಯ ಕಲ್ಲಿನ ಮುಂದೆ ಮಂಡಿಯೂರಿ ಕೂತಳು. ಒಂದೊಂದೇ ಗೆರೆ ನೋಡುತ್ತ ಒತ್ತಿನವರೆಗೆ ಬಂದಳು.

"ಅಪ್ಪ, ಇಲ್ಲಿ ಮನೆ ಮಾಡ್ಕೊಂಡಿದ್ದಾರೆ" ಎಂದಳು.

ಒತ್ತಣ್ಣ ಮಸೂರ ಹಾಕಿಕೊಂಡು ನೋಡಿದ. ಪಾಚಿ ಕಾಡಿನಷ್ಟು ದೊಡ್ಡದಾಗಿ ಕಂಡಿತು. ಅದರ ಬುಡದಲ್ಲಿ ಬಿಳಿ ನೂಲಿನ ಕೊಳವೆಗಳು, ರೇಷ್ಮೆಯಲ್ಲಿ ನೇಯ್ದವು. ಒಂದೊಂದರ ಬಾಯಿಂದಲೂ ಅಕ್ಕಿಕಾಳಿಗಿಂತ ಸಣ್ಣ ಹುಳ ಕತ್ತು ಚಾಚುತ್ತದೆ, ಪಾಚಿಯ ತುದಿ ಕಡಿಯುತ್ತದೆ, ಒಳಗೆ ಹೋಗುತ್ತದೆ. ಹೆಚ್ಚಿನವು ಸೇರಿಕೊಂಡಿದ್ದು ಒತ್ತಿನಲ್ಲೇ. ನೀರು ಇಳಿದು ನಿಲ್ಲುವುದು ಅಕ್ಷರದ ತಳದಲ್ಲಿ ತಾನೇ, ಪಾಚಿ ದಪ್ಪಗಿದ್ದುದೂ ಅಲ್ಲೇ.

ಬಟ್ಟೆ ತಿನ್ನುವ ನುಸಿ ಇರಬೇಕೆಂದು ಅವನಿಗೆ ಅನ್ನಿಸಿತು. ಮಗಳು ಹಾಗೆಲ್ಲ ಅಂದಾಜಿನಲ್ಲಿ ಮಾತಾಡುವವಳಲ್ಲ. ಆರು ಹುಳಗಳನ್ನು ಹಿಡಿದು ಎರಡು ಬೆಂಕಿಪೊಟ್ಟಣದಲ್ಲಿ ಹಾಕಿದಳು. ಒಂದರಲ್ಲಿ ಉಣ್ಣೆಯ ನೂಲು, ಎಲೆಕೋಸು, ಚಿಟಿಕೆ ಹಿಟ್ಟು, ನೆಂಟರಿಗೆ ಬಡಿಸಿದ ಹಾಗೆ ಬಗೆಬಗೆಯದು. ಇನ್ನೊಂದರಲ್ಲಿ ಬರೀ ಪಾಚಿ. ಐದನೇ ದಿನ ಮೊದಲ ಪೊಟ್ಟಣದವು ಒಂದನ್ನೂ ಮೂಸದೆ ಒಣಗಿ ಸತ್ತಿದ್ದವು. ಎರಡನೆಯದರಲ್ಲಿದ್ದವು ಕೊಬ್ಬಿ, ಮೂರನೇ ವಾರಕ್ಕೆ ಗೂಡು ಕಟ್ಟಿ, ಆಮೇಲೆ ರೆಕ್ಕೆ ಬಂದು ಹೊರಬಿದ್ದವು. ಬೂದು ಬಣ್ಣದ, ಉಗುರಿನಷ್ಟು ಗಾತ್ರದ ಪತಂಗ, ಮೈಮೇಲೆ ಕಪ್ಪು ಬಿಳಿ ಚುಕ್ಕೆ. ಒತ್ತಣ್ಣನಿಗೆ ಅವು ಹೊಸಬರಲ್ಲ. ನಲವತ್ತು ವರ್ಷದಿಂದ ಹಗಲೆಲ್ಲ ಕಲ್ಲುಗಳಿಗೆ ಅಂಟಿಕೊಂಡು ಕೂರುತ್ತಿದ್ದವು, ಕಲ್ಲೇ ಎನ್ನುವ ಹಾಗೆ. ಉಳಿ ಇಡುವ ಮೊದಲು ಅವನು ಉಫ್ ಎಂದು ಊದಿ ಎಬ್ಬಿಸುತ್ತಿದ್ದ. ಅವು ಒಂದು ಮಾರು ಹಾರಿ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದವು. ಅವುಗಳಿಗೂ ಹೊಟ್ಟೆ ಇದೆ, ಮಕ್ಕಳು ಮರಿ ಇವೆ ಎಂದು ಅವನು ಯೋಚಿಸಿದವನೇ ಅಲ್ಲ.

ಆದರೆ ಪೊಟ್ಟಣದಲ್ಲಿ ರೆಕ್ಕೆ ಬರುವವರೆಗೆ ಕಾಯುವಷ್ಟು ವ್ಯವಧಾನ ಅವನಿಗಿರಲಿಲ್ಲ. ಮೊದಲ ಪೊಟ್ಟಣದ ಹುಳಗಳು ಸತ್ತ ದಿನವೇ ನಿರ್ಧಾರ ಮಾಡಿದ್ದ. ಇವು ಪಾಚಿ ಬಿಟ್ಟು ಬೇರೆ ತಿನ್ನುವುದಿಲ್ಲ, ಇಲ್ಲಿಂದ ಎಬ್ಬಿಸದಿದ್ದರೆ ಅವಳ ಹೆಸರು ತಿಂದೇ ಮುಗಿಸುತ್ತವೆ. ಔಷಧಿ ಹೊಡೆದರೆ ಹುಳದ ಜೊತೆ ಪಾಚಿಯೂ ಸಾಯುತ್ತದೆ. ಸೂಜಿಯಲ್ಲಿ ಒಂದೊಂದಾಗಿ ಎತ್ತಬೇಕು. ಮಗಳು ಬೇಡ ಎಂದಳು. ಅವು ತುದಿ ಮಾತ್ರ ತಿನ್ನುತ್ತಿವೆ, ಬುಡಕ್ಕೆ ಬಾಯಿ ಹಾಕಿಲ್ಲ, ಒಂದಿಷ್ಟು ದಿನ ನೋಡೋಣ ಎಂದಳು. ಒತ್ತಣ್ಣ ನೋಟೀಸಿನ ದಿನ ಎಣಿಸುತ್ತಿದ್ದ. ಅವನ ಕಿವಿಗೆ ಅದು ಬೀಳಲಿಲ್ಲ.

ನೋಟೀಸಿನಲ್ಲಿ ಉಳಿ, ಬಣ್ಣ ಎಂದಿತ್ತು, ಸೂಜಿಯ ಮಾತಿರಲಿಲ್ಲ. ಬೆಳಗಿನ ಬೆಳಕಿನಲ್ಲಿ ಮಸೂರ ಹಾಕಿಕೊಂಡು ಒಂಬತ್ತು ದಿನ ಕೂತ. ಎತ್ತಿದ ಹುಳವನ್ನೆಲ್ಲ ಒಯ್ದು ಹೆಡ್‌ಮಾಸ್ತರ ಕಲ್ಲಿನ ಅಕ್ಷರಗಳಲ್ಲಿದ್ದ ಪಾಚಿಯ ಮೇಲೆ ಬಿಟ್ಟ. ಅವರು ಶಾಲೆಯಲ್ಲಿ ಇವನ ಕಿವಿ ಹಿಂಡಿ ಒತ್ತಕ್ಷರ ಕಲಿಸಲು ನೋಡಿ ಸೋತವರು. ಅವರ ಹೆಸರಿನಲ್ಲಿ ಮೂರು ಒತ್ತು ಇದ್ದವು, ಹುಳಗಳಿಗೆ ಜಾಗಕ್ಕೆ ಬರವಿರಲಿಲ್ಲ. ಗುಂಡಿಯೂ ಸಿಟ್ಟು ಬಿಟ್ಟು ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಲೆಕ್ಕ ಹೇಳುತ್ತಿದ್ದ. ತಾನು ಜೀವಮಾನದಲ್ಲಿ ಇಷ್ಟು ಸಣ್ಣ ಬಾಡಿ ಸಾಗಿಸಿದ್ದು ನೋಡಿಲ್ಲ ಎಂದ.

ಮೂವತ್ತೊಂದು ಹುಳ ಹೋದವು. ಮೂವತ್ತೆರಡನೆಯದು ಒತ್ತಿನ ಬಾಲದಲ್ಲಿತ್ತು. ಒತ್ತಣ್ಣ ಸೂಜಿಯ ಮೊನೆ ಕೊಳವೆಯೊಳಗೆ ತೂರಿಸಿ ಮೆಲ್ಲಗೆ ಎಳೆದ. ಹುಳ ಬರಲಿಲ್ಲ, ನೂಲು ಬಂತು. ನೂಲಿನ ಹಿಂದೆ ಪಕ್ಕದ ಕೊಳವೆಯ ನೂಲು ಬಂತು, ಅದರ ಹಿಂದೆ ಇಡೀ ಒತ್ತು, ಬುಡಸಮೇತ, ಗಾಯದ ಹೊಪ್ಪಳೆ ಏಳುವ ಹಾಗೆ ಎದ್ದು ಅವನ ಬೆರಳ ಮೇಲೆ ಬಂದು ಕೂತಿತು.

ಕಲ್ಲಿನ ಮುಖ ಯಾವತ್ತೋ ಪುಡಿಯಾಗಿ ಹೋಗಿತ್ತು. ಪಾಚಿಗೆ ಹಿಡಿದುಕೊಳ್ಳಲು ಅಲ್ಲಿ ಏನೂ ಉಳಿದಿರಲಿಲ್ಲ. ಅಷ್ಟು ದಿನ ಅದನ್ನು ಕಲ್ಲಿಗೆ ಕಟ್ಟಿ ನಿಲ್ಲಿಸಿದ್ದು ಆ ಹುಳಗಳ ನೂಲು. ಅವನು ಒಂಬತ್ತು ದಿನ ಕೂತು ಒಂದೊಂದೇ ಗಂಟು ಬಿಚ್ಚಿದ್ದ. ಕೆಳಗಿದ್ದ ಜಾಗವನ್ನು ಬೆರಳಿನಿಂದ ಸವರಿದ. ಗೆರೆ ಇರಲಿಲ್ಲ, ನುಣ್ಣಗಿತ್ತು.

ಪಾಚಿಯನ್ನು ಒದ್ದೆ ಮಾಡಿ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದ. ಅಂಟು ಕಲಸಿ ಹಚ್ಚಿದ. ಎರಡು ದಿನ ನಿಂತಿತು. ಮೂರನೇ ದಿನ ಒಣಗಾಳಿ ಎದ್ದಿತು, ತಾಳೆ ನೋಡುವ ದಿನಕ್ಕೆ ಇನ್ನೂ ಒಂದು ವಾರ ಇತ್ತು. ಅವನು ಬಕೆಟ್ಟಿನಲ್ಲಿ ನೀರು ತರುವಷ್ಟರಲ್ಲಿ ಒತ್ತು ಕೆಳಗೆ ಬಿದ್ದು, ಅದರ ಮೇಲೆ ಇರುವೆ ಓಡಾಡುತ್ತಿದ್ದವು.

ತಾಳೆ ನೋಡುವ ದಿನ ಉಸ್ತುವಾರಿ ಬೆಳಿಗ್ಗೆ ಹನ್ನೊಂದಕ್ಕೆ ಚಿಕ್ಕಿಯ ಸಾಲಿಗೆ ಬಂದ. ಕೈಯಲ್ಲಿ ರಿಜಿಸ್ಟರು, ಹಿಂದೆ ಗುಂಡಿ. ಗುಂಡಿಗೆ ಓದಲು ಬಾರದೆಂದು ಉಸ್ತುವಾರಿಗೆ ಇನ್ನೂ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಅವನು ಕಲ್ಲು ನೋಡಿ ಓದು ಎಂದರೆ, ಇವನು ಮಲಗಿದವರನ್ನು ನೆನೆಸಿಕೊಂಡು ಗಡಗಡ ಒಪ್ಪಿಸುತ್ತಿದ್ದ. ಅರುವತ್ತು ಕಲ್ಲು ಹಾಗೇ ಪಾಸಾಗಿದ್ದವು. ಚಿಕ್ಕಿಯ ಕಲ್ಲಿನ ಮುಂದೆ ನಿಂತು ಗುಂಡಿ ಇನ್ನೂ ಜೋರಾಗಿ "ಚಿಕ್ಕಿ" ಎಂದ. ಆ ಜೋರಿನಿಂದಲೇ ಕೆಟ್ಟಿತು. ಉಸ್ತುವಾರಿ ತಲೆ ಎತ್ತಿ, ಬಗ್ಗಿ, ತಾನೇ ನೋಡಿದ.

"ಚಿಕಿ ಅಂತಿದೆ" ಎಂದ. ಎರಡನೆಯ ಅಕ್ಷರದ ಕೆಳಗೆ ಬೆರಳಿಟ್ಟ. "ಇಲ್ಲಿ ಒತ್ತೆಲ್ಲಿ? ತೋರಿಸು."

ಗುಂಡಿ ಬೆರಳನ್ನೂ ನೋಡಿದ, ಕಲ್ಲನ್ನೂ ನೋಡಿದ. "ಒತ್ತು ಗಿತ್ತು ನಂಗೊತ್ತಿಲ್ಲ ಸಾರ್. ಮಲಗಿರೋದು ಚಿಕ್ಕಿನೇ. ನಾನೇ ಮಲಗಿಸಿದ್ದು."

"ಮಲಗಿಸಿದ್ದಕ್ಕೆ ಇದರಲ್ಲಿ ಕಾಲಂ ಇಲ್ಲ ಕಣಯ್ಯ."

ಒತ್ತಣ್ಣ ಮುಂದೆ ಬಂದ. ಒತ್ತು ಇತ್ತು, ತಾನೇ ಕೆತ್ತಿದ್ದೆ, ಮೊನ್ನೆ ಮೊನ್ನೆಯವರೆಗೂ ಇತ್ತು, ಹುಳ ಬಿದ್ದಿತ್ತು ಎಂದು ಹೇಳತೊಡಗಿದ. ಕಲ್ಲಿನ ಅಕ್ಷರಕ್ಕೆ ಹುಳ ಬೀಳುತ್ತದೆ ಎಂಬ ಮಾತು ಅವನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಉಸ್ತುವಾರಿ ನಗಲಿಲ್ಲ, ಗದರಲೂ ಇಲ್ಲ.

"ನಿಮ್ಮ ಹೆಸರು ಯಾಕೆ ಒತ್ತಣ್ಣ ಅಂತ ಬಂತು ಅಂತ ಊರೆಲ್ಲ ಹೇಳುತ್ತೆ ಯಜಮಾನ್ರೆ. ಇದರಲ್ಲೂ ಮೊದಲಿಂದಲೇ ಬಿಟ್ಟುಹೋಗಿದ್ರೆ? ಗುಮಾಸ್ತ ಅವತ್ತು ತನಗೆ ತಿಳಿದ ಹಾಗೆ ತಿದ್ದಿ ಬರ್ಕೊಂಡಿದ್ರೆ?"

ಒತ್ತಣ್ಣನಿಗೆ ಆ ದಿನ ಬೆರಳಿಟ್ಟು ನೋಡಿಕೊಂಡದ್ದು ನೆನಪಿತ್ತು. ಅದನ್ನು ಕಂಡವರು ಬೇರೆ ಯಾರೂ ಇರಲಿಲ್ಲ. ಕಾಣಬೇಕಿದ್ದವಳು ಕೆಳಗಿದ್ದಳು. ಉಸ್ತುವಾರಿ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ, ಗುಂಡಿಯನ್ನು ಬಿಟ್ಟು ಹಿಂದಿನ ಅರುವತ್ತು ಕಲ್ಲನ್ನೂ ತಾನೇ ಓದಲು ವಾಪಸು ನಡೆದ. ಸಂಜೆಯೊಳಗೆ ಕೆಂಪು ಗುರುತು ಹದಿನಾಲ್ಕಾಯಿತು. ಉಳಿದ ಹದಿಮೂರು ಮನೆಯವರು ಆಮೇಲೆ ವರ್ಷಗಟ್ಟಲೆ ಗುಂಡಿಯ ಜೊತೆ ಮಾತಾಡಲಿಲ್ಲ.

ಇದೆಲ್ಲ ಆಗುವಾಗ ಹೆಡ್‌ಮಾಸ್ತರ ಕಲ್ಲಿನ ಮೇಲೆ ಮೂವತ್ತೊಂದು ಹುಳಗಳು ಹೊಟ್ಟೆ ತುಂಬ ತಿಂದು, ಗೂಡು ಕಟ್ಟಿ, ರೆಕ್ಕೆ ಪಡೆದು ಎದ್ದುಹೋಗಿದ್ದವು. ಅವು ಮೇಯ್ದ ಜಾಗದಲ್ಲೆಲ್ಲ ಬುಡದಿಂದ ಹೊಸ ಪಾಚಿ ಚಿಗುರಿ, ಮೂರು ಒತ್ತೂ ಮೊದಲಿಗಿಂತ ಹಸಿರಾಗಿದ್ದವು. ಮಗಳು ಒಂದು ದಿನ ಅದನ್ನು ಮಸೂರ ಹಾಕಿ ನೋಡಿದಳು. ಅಪ್ಪನಿಗೆ ಹೇಳಲಿಲ್ಲ. ಅವನೂ ಆ ಸಾಲಿನಲ್ಲಿ ಹೋಗುವಾಗ ಮುಖ ಆ ಕಡೆ ತಿರುಗಿಸುತ್ತಿರಲಿಲ್ಲ, ಬಹುಶಃ ಅವನಿಗೂ ಗೊತ್ತಿತ್ತು.

ತೆರವಿನ ದಿನ ಬೆಳಿಗ್ಗೆ ಗುಂಡಿ ಶೆಡ್ಡಿಗೆ ಬಂದು, ಇವತ್ತು ಮನೆಯಲ್ಲಿರು, ಮಗಳ ಅಂಗಡಿಗಾದರೂ ಹೋಗು ಎಂದ. ಒತ್ತಣ್ಣ ಹೋಗಲಿಲ್ಲ. ಗೋಡೆಗೆ ಒರಗಿ ನಿಂತು ನೋಡಿದ. ಗುಂಡಿ ಮೊದಲು ಕಲ್ಲು ಎಬ್ಬಿಸಿದ. ಎತ್ತುವಾಗಲೇ ಅದು ನಡುವೆ ಮುರಿದು, ಎರಡು ಅಕ್ಷರ ಎರಡು ಕಡೆಗಾದವು. ಆಮೇಲೆ ತೋಡಿದ. ಉಳಿದ ಹದಿಮೂರನ್ನೂ ಅವನು ಸರಸರ ತೋಡಿ ಮುಗಿಸಿದ್ದ. ಇದನ್ನು ಮಾತ್ರ ಮೊಣಕಾಲಿನ ಆಳದವರೆಗೆ ಸನಿಕೆಯಲ್ಲಿ ತೆಗೆದು, ಅಲ್ಲಿಂದ ಕೆಳಗೆ ಕೈಯಲ್ಲೇ ಮಣ್ಣು ಕೆದರಿದ. ಮಧ್ಯಾಹ್ನವಾಯಿತು. ಸಿಕ್ಕಿದ್ದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿದಾಗ ಅದು ಒಂದು ಮಗುವಿನಷ್ಟೂ ಇರಲಿಲ್ಲ.

ಹಿಂದಿನ ದೊಡ್ಡ ಗುಂಡಿಯ ತನಕ ಒತ್ತಣ್ಣನೇ ಹೊತ್ತುಕೊಂಡು ನಡೆದ. ಅಲ್ಲಿ ಆಗಲೇ ಹದಿಮೂರು ಗಂಟುಗಳು ಸಾಲಾಗಿದ್ದವು, ಯಾವುದರ ಮೇಲೂ ಬರಹವಿರಲಿಲ್ಲ. ಗುಂಡಿ ಒಳಗಿಳಿದು ಕೈ ಚಾಚಿದ.

"ಎಲ್ಲಿ ಇಡಲಿ ಒತ್ತಣ್ಣ?"

ಒತ್ತಣ್ಣ ಬಹಳ ಹೊತ್ತು ಕೆಮ್ಮಿದ. ಆಮೇಲೆ ಹೇಳಿದ.

"ಅಂಚಿಗೆ ಇಡು. ಅವಳಿಗೆ ಗುಂಪು ಆಗ್ತಿರ್ಲಿಲ್ಲ."

ಗುಂಡಿ ಅಂಚಿಗೇ ಇಟ್ಟ. ಪಕ್ಕದಲ್ಲಿ ಒಂದು ಮೊಳ ಜಾಗ ಬಿಟ್ಟ. ಮುಂದಿನ ವಾರ ಪೂರ್ವದ ಸಾಲಿನ ತೆರವು ಶುರುವಾಯಿತು. ಆ ಜಾಗವೂ ತುಂಬಿತು.